ಎಡಗಡೆಯ ಸ್ಪೀಕರ್

ಪಟ್ ಅಂತ ಸಣ್ಣ ಸದ್ದು, ತಂತಿ ಸಿಕ್ಕಿಸಿದ ಕೂಡಲೇ ಸ್ಪೀಕರುಗಳು ಹೀಗೇ ಗಂಟಲು ಸರಿಮಾಡಿಕೊಳ್ಳುತ್ತವೆ, ಕೊಳ್ಳಲು ಬಂದ ಮೇಷ್ಟ್ರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿದೆ, ಇದರ ರಿವ್ಯೂ ಓದಿಕೊಂಡೇ ಬಂದೆ ಅಮ್ಮಾ, ಆ ಪತ್ರಿಕೆಯವರು ಸುಮ್ಮಸುಮ್ಮನೆ ಹೊಗಳೋ ಜನ ಅಲ್ಲ — ಓದಿದ್ದಾಳೆ, ಅವಳೂ ಓದಿದ್ದಾಳೆ, ಪೇಂಟ್ ಅಂಗಡಿಯ ಗಲ್ಲಾದಲ್ಲಿ ಕೂತು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಡಬ್ಬಿ ಮೇಲಿನ ಬಣ್ಣ ಗೋಡೆಗೆ ಬರಲ್ಲ ಸ್ವಾಮಿ, ಒಂಚೂರು ಬಳಿದು ನೋಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು, ಮುಖ ಕಾಣದ ಬಲ್ಲವರು ಬರೆದದ್ದನ್ನು ಕಣ್ಣುಮುಚ್ಚಿ ನಂಬಿದ್ದಳು, ಎರಡೂ ಕಡೆಯ ದನಿ ತಕ್ಕಡಿಯಲ್ಲಿ ತೂಗಿದ ಹಾಗೆ, ಕೊಳಲು ಕೋಣೆಯ ನಡುವೆ ಬಂದು ನಿಲ್ಲುತ್ತದಂತೆ — ಎಲ್ಲಿ ನಿಂತಿತು. ಮೊದಲ ದಿನ ಗಂಡ ಕುರ್ಚಿಯಲ್ಲಿ ಕೂತು ಕೇಳಿದ, ಆಸೆಪಟ್ಟು ತಂದವಳ ಮುಖ ನೋಡಿ ಚೆನ್ನಾಗಿದೆ ಕಣೇ ಅಂದ, ಮಾರನೇ ದಿನ ಮೆಲ್ಲಗೆ, ಎಡಗಡೆದು ಯಾಕೋ ಬಾಯಿ ಬಿಡ್ತಿಲ್ಲ ನೋಡು. ಅವಳಿಗೆ ಉರಿದುಹೋಗಿತ್ತು, ನನಗೆ ಕೇಳ್ತಿದೆಯಲ್ರೀ, ಐದಕ್ಕೆ ಐದು ಕೊಟ್ಟಿದಾರೆ, ಅವರಿಗಿಂತ ನಿಮ್ಮ ಕಿವಿ ಚುರುಕಾ — ನಗುತ್ತಾನೆ ಅವನು, ಏಣಿ ಹತ್ತಿ ಬಣ್ಣ ಬಳಿಯೋನ ಕಿವಿ ಕಣೇ, ಅದಕ್ಕೇನು ಗೊತ್ತಾಗುತ್ತೆ ಬಿಡು. ಸ್ಪೀಕರ್ ಅಂಗಡಿಯವನು ಗೊಣಗುತ್ತಲೇ ಎಡಗಡೆಯದನ್ನು ಬದಲಾಯಿಸಿಕೊಟ್ಟ, ಗಂಡನಿಗೆ ಹೊಸದೂ ಮೂಕವೇ, ಆ ಭಾನುವಾರ ತಾಳು ಒಂದು ಕೆಲಸ ಮಾಡೋಣ ಅಂತ ಕುರ್ಚಿಯನ್ನೇ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತ, ಅವುಗಳ ಪಕ್ಕ ನಿಂತ ಅವಳಿಗೆ ಕಾಣುತ್ತಿದ್ದುದು ಅವನ ಹೆಕ್ಕತ್ತು ಮಾತ್ರ, ಅದರ ಮೇಲೆ ತೊಳೆದರೂ ಹೋಗದ ಒಂದು ತೊಟ್ಟು ಬಿಳಿ ಬಣ್ಣ, ಈಗ ಹೇಗಿದೆ ರೀ ಅಂದಳು, ಅವನು ತಿರುಗಲಿಲ್ಲ, ಈಗ ಅದು ಮಾತಾಡ್ತಿದೆ ಕಣೇ, ಇನ್ನೊಂದು ಸುಮ್ಮನಾಗಿಬಿಡ್ತು.

ಸ್ಪೀಕರಲ್ಲ, ಕಿವಿ. ಎಡಗಿವಿ. ಕಿವಿಯ ಡಾಕ್ಟರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು, ಅವರು ಕಿವಿಯ ಒಳಗೆ, ಮಿದುಳಿಗೆ ತಾಗಿಕೊಂಡು ಗೆಡ್ಡೆಯಿದೆ ಅಂದರು, ಕಿವಿಯ ಹಿಂದಿನ ಕೂದಲು ಬೋಳಿಸಿ ತಳ್ಳುಗಾಡಿಯಲ್ಲಿ ಮಲಗಿಸಿ ಒಳಗೆ ಕರೆದೊಯ್ದರು, ಆಗಲೂ ಅವನು ಅತ್ತ ಮಗ್ಗುಲಾಗಿದ್ದ, ಮತ್ತೆ ಆ ಹೆಕ್ಕತ್ತು, ಆ ತೊಟ್ಟು, ಬಾಗಿಲು ಮುಚ್ಚಿತು, ಅವನು ಮತ್ತೆ ಏಳಲಿಲ್ಲ. ಬರೆದವರು ಸುಳ್ಳು ಬರೆದಿರಲಿಲ್ಲ, ಸುಳ್ಳೇ ಬರೆದಿರಬಾರದಿತ್ತೇ, ಹೊಗಳಿಕೆಯ ಬಲದಲ್ಲಿ ಮಾರಿಹೋದ ಬರೀ ಮೋಸದ ಪೆಟ್ಟಿಗೆ ಆಗಿರಬಾರದಿತ್ತೇ, ಇಬ್ಬರೂ ಸೇರಿ ಅವರಿಗೆ ಬಾಯ್ತುಂಬ ಬೈದು, ಕೆಟ್ಟ ಸ್ಪೀಕರನ್ನೇ ಕೇಳಿಕೊಂಡು ಮುದುಕರಾಗುತ್ತಿದ್ದರಲ್ಲ — ಬರೆದ ಹಾಗೇ ಇದೆ ಅಮ್ಮಾ, ಮೇಷ್ಟ್ರು ತಲೆದೂಗುತ್ತಿದ್ದಾರೆ, ಎರಡೂ ಕಡೆ ಒಂದೇ ಸಮ, ಇಷ್ಟು ಒಳ್ಳೇದನ್ನ ಯಾಕೆ ಮಾರ್ತಿದೀರಿ, ಹೌದು, ಒಂದೇ ಸಮ, ತಗೊಂಡು ಹೋಗಿ ಅನ್ನಬೇಕು, ಬಾಯಿ ತೆರೆದಳು, ಮಾತಿರಬೇಕಾದ ಜಾಗದಲ್ಲಿ ಬೆನ್ನು ತಿರುಗಿಸಿದ ಕುರ್ಚಿ, ರೀ, ಇತ್ತ ತಿರುಗಿ, ಆ ಹೆಕ್ಕತ್ತು, ಅದರ ಮೇಲೆ ಬಿಳಿ ತೊಟ್ಟು, ಒಂದು ತೊಟ್ಟು ಬಿಳಿ