ಕ್ಯಾಲೆಂಡರ್ ಪಕ್ಕದ ಕೈ

"ದೊಡ್ಡವ್ವ, ಯಾರ ಕೈ ಇದು?" ಎನ್ನುತ್ತ ಧನುಶ್ರೀ ಫೋನನ್ನು ಚೆಲುವಮ್ಮನ ಮುಖಕ್ಕೆ ಹಿಡಿದಳು.

ಹಸುವಿನ ಕೆಚ್ಚಲು ಊದಿಕೊಂಡಿತ್ತು. ಅದರ ಫೋಟೊ ತೆಗೆದು ಯಳಂದೂರಿನ ದನದ ಡಾಕ್ಟರಿಗೆ ಕಳಿಸಲೆಂದು ಚೆಲುವಮ್ಮ ಮೈದುನನ ಮಗಳನ್ನು ಕರೆದಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಇಂಥದ್ದಕ್ಕೆಲ್ಲ ಅವಳೇ ದಿಕ್ಕು. ಈಗ ನೋಡಿದರೆ ಕೆಚ್ಚಲಿನ ಚಿತ್ರದ ಪಕ್ಕದಲ್ಲೇ ಯಾವಳೋ ಹೆಂಗಸಿನ ತೋಳು, ಮೊಣಕೈಯಿಂದ ಮೇಲೆ ನೀಲಿಗಟ್ಟಿದ್ದು. ಸರಿಸಿದರೆ ಬಾಸುಂಡೆ ಎದ್ದ ಬೆನ್ನು. ಮತ್ತೆ ಸರಿಸಿದರೆ ಕತ್ತು. ಮುಖ ಎಲ್ಲೂ ಇಲ್ಲ. ಆದರೆ ಪ್ರತಿಯೊಂದರಲ್ಲೂ ಗೋಡೆಯ ಮೇಲೆ ಕೊಳ್ಳೇಗಾಲದ ಯಾವುದೋ ಬಟ್ಟೆ ಅಂಗಡಿಯ ಕ್ಯಾಲೆಂಡರ್ ತಪ್ಪದೆ ಕಾಣುತ್ತಿತ್ತು.

"ನಾನು ತೆಗ್ದಿಲ್ಲ ಕಣವ್ವ. ಫೋನ್ ಎತ್ತಾದು, ಮಡಗಾದು ಬುಟ್ರೆ ನಂಗೇನ್ ಬಂದದು?"

ಧನುಶ್ರೀ ಅಲ್ಲಿ ಇಲ್ಲಿ ಒತ್ತಿ ಕೆದಕಿದಳು. "ಇದ್ರಲ್ಲಿರೋ ಇಮೇಲ್ ಐಡಿ ಯಾರ್ದು?"

"ಫೋನ್ ತಕಂಡಾಗ ಅಂಗಡಿಯೋನು ಅದೇನೋ ಕೇಳ್ದ. ನಂಗೊತ್ತಿಲ್ಲ, ನೀನೇ ಏನಾರ ಆಕ್ಕೊಡಪ್ಪ ಅಂದೆ."

"ಅವ್ನು ತಂದೇ ಆಕವ್ನೆ. ನಿನ್ನಂಗೆ ಅಂದ ಈ ಹೆಂಗ್ಸಿಗೂ ಅದ್ನೇ ಆಕಿರ್ತಾನೆ. ಈ ಫೋಟೊ ಆಪು ಫೋನ್ ಜೊತೆಗೇ ಬಂದಿರಾದು. ತೆಗುದದ್ನೆಲ್ಲ ಒಂದು ಮಾತೂ ಕೇಳ್ದೆ ಆ ಐಡಿಗೆ ಸುರೀತದೆ. ಊರೋರೆಲ್ಲ ನೆಲದಡಿ ಒಂದೇ ಅಗೇವಿಗೆ ರಾಗಿ ಸುರುದಂಗೆ. ಒಬ್ಬರ್ದು ಇನ್ನೊಬ್ಬರ್ಗೆ ಕಾಣ್ತದೆ."

"ಕಿತ್ತಾಕು ಅತ್ಲಾಗೆ."

"ಕೀಳಕ್ಕಾಗಲ್ಲ, ಅದ್ಕ ದಾರೀನೇ ಮಡಗಿಲ್ಲ. ಆಫ್ ಮಾಡಿ ಸುಮ್ನೆ ಬಿದ್ದಿರು ಅನ್ಬೌದು ಅಷ್ಟೆ. ಅನ್ಲಾ?"

ಚೆಲುವಮ್ಮ ಹೂಂ ಅನ್ನುವವಳಿದ್ದಳು. ಕಣ್ಣು ಮತ್ತೆ ಆ ತೋಳಿನ ಮೇಲೆ ಹೋಯಿತು. "ಅದ್ಯಾಕ ಮಗ, ಆ ಕ್ಯಾಲೆಂಡರ್ ಪಕ್ಕನೇ ನಿತ್ಕತಳೆ?"

"ತಾರೀಕು ಕಾಣ್ಲಿ ಅಂತ. ನಾಳೆ ಸ್ಟೇಷನ್ನಲ್ಲಿ ಕೇಳುದ್ರೆ ತೋರ್ಸಕ್ಕೆ. ಸಾಕ್ಷಿ ಕೂಡಿಡ್ತಾವ್ಳೆ, ಪಾಪ."

ಸಾಕ್ಷಿ ಎಂದ ಮಾತಿಗೆ ಚೆಲುವಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ಅವಳ ತಂಗಿ ರತ್ನಳನ್ನು ಹನೂರಿನ ಆಚೆಗೆ ಕೊಟ್ಟಿದ್ದರು. ತವರಿಗೆ ಹೆಣ ಬಂದ ಮೇಲೆ ನ್ಯಾಯ ಕೂತಿತು. "ಗಂಡ ಒಡುದ್ದ ಕಣ್ಣಾರೆ ನೋಡಿದೋರು ಯಾರಾರ ಇದ್ದರೆ ಬಂದು ಯೋಳ್ಲಿ" ಎಂದರು ಯಜಮಾನರು. ಯಾರೂ ಏಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಪಂಚೆ ಕೊಡವಿ ಎದ್ದುಹೋದರು. ಆ ಪಂಚೆ ಕೊಡವಿದ ಸದ್ದು ಚೆಲುವಮ್ಮನಿಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

"ಬ್ಯಾಡ, ಇರ್ಲಿ ಬುಡು," ಎಂದಳು. ಆಮೇಲೆ, "ಅವಳ್ದು ನಂಗೆ ಕಾಣುದ್ರೆ, ನಂದು ಅವಳ್ಗೂ ಕಾಣ್ತದಾ?"

"ಕಾಣ್ತದೆ."

ಹಸುವನ್ನೂ ಡಾಕ್ಟರನ್ನೂ ಬಿಟ್ಟು ಇಬ್ಬರೂ ಬಸ್ ಸ್ಟಾಪಿಗೆ ಹೋದರು. ಎಲ್ಲಿಗೆ ಬರಬೇಕೆಂಬುದು ಆ ಹೆಂಗಸಿಗೆ ತಿಳಿಯಲೆಂದು, ಹೊನ್ನೂರು ಎಂದು ಬರೆದ ಬೋರ್ಡಿನ ಕೆಳಗೆ ಚೆಲುವಮ್ಮ ಸೆರಗು ಸರಿಮಾಡಿಕೊಂಡು ನಿಂತಳು. ಧನುಶ್ರೀ ಫೋಟೊ ತೆಗೆದಳು. ಊರಿಗೆ ಗೊತ್ತಾಗಿದ್ದರೆ ಇರಲಾರದೆ ಇರುವೆ ಬಿಟ್ಟುಕೊಂಡಳು ಎಂದು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಎಂದುಕೊಂಡಳು.

ಕೆಲವು ದಿನ ಏನೂ ಬರಲಿಲ್ಲ. ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ನೋಡಿದರೆ, ಮುಖ ಬಂದಿತ್ತು. ಚಿಕ್ಕ ಪ್ರಾಯದ ಹುಡುಗಿ. ತುಟಿ ಒಡೆದಿತ್ತು, ಕಣ್ಣು ಮಾತ್ರ ನೆಟ್ಟಗೆ ಚೆಲುವಮ್ಮನನ್ನೇ ನೋಡುತ್ತಿತ್ತು. ಕ್ಯಾಲೆಂಡರಿನಲ್ಲಿ ಮುಂದಿನ ಸೋಮವಾರದ ಮೇಲೆ ಬೆರಳಿಟ್ಟಿದ್ದಳು.

"ಬತ್ತಾವ್ಳೆ ಕಣ್ ಮಗ!" ಎಂದು ಚೆಲುವಮ್ಮ ಧನುಶ್ರೀಯ ಕೈ ಹಿಡಿದುಕೊಂಡಳು. ಅವಳು ಹಾಗೆ ಹಿಗ್ಗಿದ್ದನ್ನು ಧನುಶ್ರೀ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಸೋಮವಾರ ಒಬ್ಬರಿಗೆ ಹೆಚ್ಚಾಗಿಯೇ ಮುದ್ದೆ ತಿರುವಿಟ್ಟು ಬಸ್ ಸ್ಟಾಪಿನಲ್ಲಿ ಕೂತಳು. ಬಸ್ಸುಗಳು ಬಂದವು, ಆಟೊಗಳು ಬಂದವು. ಕಬ್ಬು ಕಡಿಯುವವರು ಇಳಿದರು, ಇಸ್ಕೂಲ್ ಮಕ್ಕಳು ಇಳಿದರು. ಇಳಿದ ಹೆಂಗಸರ ತೋಳುಗಳನ್ನೆಲ್ಲ ನೋಡಿದಳು. ಕೊನೆಯ ಬಸ್ಸೂ ಹೋಯಿತು. ಫೋನಿಗೂ ಏನೂ ಬರಲಿಲ್ಲ. ಮುದ್ದೆ ಬೆಳಿಗ್ಗೆ ಹಸುವಿಗೆ ಹೋಯಿತು.

ಹೆಸರು, ಊರು ತಿಳಿದರೆ ಪೊಲೀಸರ ಹತ್ತಿರ ಹೋಗಬಹುದು ಎಂದು ಧನುಶ್ರೀ ಹೇಳಿದ್ದಳು. ಚೆಲುವಮ್ಮ ಕೊಳ್ಳೇಗಾಲದ ಬಸ್ಸು ಹತ್ತಿದಳು. ಅವಳಿಗೆ ಫೋನ್ ಮಾರಿದ್ದ ಮೊಬೈಲ್ ಅಂಗಡಿಯ ಮಹದೇವಪ್ರಸಾದ್ ಗುರುತು ಹಿಡಿದು ನಗುತ್ತ ಸ್ಟೂಲ್ ಎಳೆದುಕೊಟ್ಟ.

"ಈ ಕೂಸು ಯಾರು ಯೋಳಪ್ಪ. ನಿನ್ನ ಅಂಗ್ಡೀಲೇ ಫೋನ್ ತಕಂಡವ್ಳೆ. ನಂಗೂ ಅವಳ್ಗೂ ಒಂದೇ ಐಡಿ ಆಕಿದ್ದಯಂತಲ್ಲ?" ಎಂದು ಫೋನಿನಲ್ಲಿದ್ದ ಮುಖ ತೋರಿಸಿದಳು.

ಅವನ ನಗು ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಅವನು ಮೊದಲು ನೋಡಿದ್ದು ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳನ್ನು.

"ಮೆಲ್ಲಗೆ ಮಾತಾಡಿ ಅವ್ವ. ಕೊಡಿ ಇಲ್ಲಿ, ಸರಿ ಮಾಡ್ತೀನಿ."

ಕೊಟ್ಟಳು. ಹುಡುಗಿಯ ಹೆಸರು ಹುಡುಕುತ್ತಿದ್ದಾನೆ ಎಂದುಕೊಂಡಳು. ಅವನ ಹೆಬ್ಬೆರಳು ಬಲು ಚುರುಕಾಗಿ ಓಡಾಡುತ್ತಿತ್ತು. ಹಣೆಯಲ್ಲಿ ಬೆವರು ಬಂದಿತ್ತು. ತನಗೋಸ್ಕರ ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು ಅವಳಿಗೆ ಒಳ್ಳೆಯದೇ ಅನ್ನಿಸಿತು.

"ತಕಳಿ. ನಿಮ್ಮ ಫೋನಿಗೆ ಬೇರೆ ಐಡಿ ಮಾಡಿದ್ದೀನಿ. ಇನ್ನು ಇದು ನಿಮ್ದು ಮಾತ್ರ."

"ಅವಳೆಸ್ರು?"

"ನೂರಾರು ಜನ ಬತ್ತಾರೆ, ಯಾರು ಅಂತ ನೆನಪಿಟ್ಕಳ್ಳಿ? ಬೇರೆಯೋರ ಮನೆ ಫೋಟೊ, ನಾವು ನೋಡ್ಬಾರ್ದು. ಒಂದೂ ಉಳೀದಂಗೆ ಅಳಿಸಿದ್ದೀನಿ."

"ಅಯ್ಯೋ! ಅವಳ್ತವು ಇರ್ತವೆ ತಾನೆ?"

"ಅವಳ ಫೋನಿಂದ್ಲೂ ಓಯ್ತದೆ. ಅಳಿಸಿದ್ದು ಬೀಳೋ ಕಸದ ಬುಟ್ಟೀನೂ ಖಾಲಿ ಮಾಡಿದ್ದೀನಿ. ಇನ್ನ ಯಾರ ಕಣ್ಣಿಗೂ ಬೀಳಲ್ಲ, ಎದರ್ಕಬ್ಯಾಡಿ," ಎಂದ ಅವನು, ನಿಜವಾಗಿಯೂ ಉಪಕಾರ ಮಾಡಿದವನ ದನಿಯಲ್ಲಿ.

ಚೆಲುವಮ್ಮ ಸ್ಟೂಲಿನಿಂದ ಎದ್ದಳು. ಸ್ಟೇಷನ್ ಹತ್ತಿರದವರೆಗೂ ನಡೆದಳು. ಗೇಟಿನಲ್ಲಿ ನಿಂತಿದ್ದ ಪೊಲೀಸಿನವನು, "ಏನಮ್ಮ, ಯಾರ ಮೇಲೆ ಕಂಪ್ಲೇಂಟು?" ಎಂದ. ಈ ಸಲ ಕಣ್ಣಾರೆ ನೋಡಿದವಳು ಇದ್ದಳು. ಆದರೆ ಯಾರನ್ನು ನೋಡಿದೆ ಎಂದು ಹೇಳುವುದು? ಆ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ರತ್ನಳ ಮುಖ ಬಂತು.

"ಯಾರೂ ಇಲ್ಲ ಸಾ," ಎಂದು ಹಿಂದಕ್ಕೆ ತಿರುಗಿದಳು.

ಹೊನ್ನೂರಿನಲ್ಲಿ ಬಸ್ಸಿಳಿದು, ಮನೆಗೆ ಹೋಗಲು ಮನಸ್ಸಾಗದೆ ಅಲ್ಲೇ ಕಟ್ಟೆಯ ಮೇಲೆ ಕೂತು ಫೋನು ತೆರೆದಳು. ಹಸುವಿನ ಕೆಚ್ಚಲಿತ್ತು. ಧನುಶ್ರೀ ಹೇಳಿಕೊಟ್ಟಿದ್ದಂತೆ ಬೆರಳಿನಿಂದ ಸರಿಸಿದಳು. ಊರಿನ ಬೋರ್ಡಿನ ಕೆಳಗೆ ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆ ಮುಖ ಮಾಡಿ, ಅವಳೊಬ್ಬಳೇ ನಿಂತಿದ್ದಳು.