ಭೂಮಿತಾತ ಬೇಡವೆಂದ ಕರಬೂಜ

ಪಿಂಗ್‌ತುಂಗ್ ಬಯಲಿನ ತನ್ನ ತುಪ್ಪಹೀರೆ ಚಪ್ಪರವನ್ನು ಈ ಸಲವೂ ಹಣ್ಣುನೊಣ ಹಾಳುಮಾಡಿದರೆ ಕಿತ್ತುಹಾಕಿ ಬಾಳೆ ನೆಡುವುದೆಂದು ಸೋಕ್‌ಕಿಮ್ ಒಳಗೊಳಗೇ ತೀರ್ಮಾನಿಸಿದ್ದಳು. ಈಗಾಗಲೇ ಎರಡು ಬೆಳೆ ಆ ದರಿದ್ರ ನೊಣಗಳ ಪಾಲಾಗಿದ್ದವು. ಕಾಯಿ ಬೆರಳುದ್ದ ಆಗುವಷ್ಟರಲ್ಲಿ ಚುಚ್ಚಿ, ಮೊಟ್ಟೆಯಿಟ್ಟು, ಸೊಟ್ಟ ಮಾಡಿಬಿಡುತ್ತಿದ್ದವು. ಆದರೆ ಆ ಚಪ್ಪರ ಎಬ್ಬಿಸಿದವಳು ಅತ್ತೆ ಗಿಯೋಕ್‌ಲಾನ್. ಎಂಬತ್ತೆರಡರ ಆ ಮುದುಕಿಯ ಮುಖ ನೋಡಿ ಹೇಳುವುದಾದರೂ ಹೇಗೆ?

ಕೊನೆಯ ಪ್ರಯತ್ನವೆಂದು ಕಾಕಂಬಿಗೆ ಹುದುಗು ಬೆರೆಸಿ, ತೂತು ಕೊರೆದ ಹಳದಿ ಬಾಟಲಿಗಳಲ್ಲಿ ತುಂಬಿ, ಬದುವಿನುದ್ದಕ್ಕೂ ಹನ್ನೆರಡು ಕಡೆ ತೂಗುಹಾಕಿದಳು. ವಾರ ಬಿಟ್ಟು ಸೋಸಿ ನೋಡಿದರೆ ಹನ್ನೊಂದರಲ್ಲಿ ಹತ್ತೋ ಹದಿನೈದೋ ನೊಣ. ಹೊಲ ಕಾಯುವ ದೇವರಾದ ಭೂಮಿತಾತನ ಪುಟ್ಟ ಗುಡಿಯ ಪಕ್ಕದ ಬಾಟಲಿಯಲ್ಲಿ ಮಾತ್ರ ಅಂಬಲಿಯ ಹಾಗೆ ಮಂದವಾಗಿ ಕಟ್ಟಿಕೊಂಡಿದ್ದವು.

ಗುಡಿಯ ಹಿಂದಕ್ಕೆ ಬಗ್ಗಿ ನೋಡಿದಳು. ಕರಬೂಜ ರಾಶಿ ಬಿದ್ದು ಕೊಳೆಯುತ್ತಿತ್ತು. ಊದುಬತ್ತಿ ಉರಿದು ಮುಗಿಯುತ್ತಲೇ ನೈವೇದ್ಯವನ್ನು ಮನೆಗೆ ತಂದು ತಿನ್ನುವ ಊರು ಅದು. ಇಲ್ಲಿ ಬಿಟ್ಟುಹೋದ ಪುಣ್ಯಾತ್ಮರು ಯಾರಪ್ಪ ಎಂದುಕೊಳ್ಳುವಷ್ಟರಲ್ಲಿ ಅತ್ತೆಯೇ ಇನ್ನೊಂದು ಹಣ್ಣು ಹಿಡಿದು ನಿಧಾನವಾಗಿ ಬಂದಳು.

"ಇದೇನತ್ತೆ, ಇವನ್ನೆಲ್ಲ ಯಾಕೆ ಇಲ್ಲೇ ಬಿಟ್ಟಿದೀರಿ?"

"ನೊಣ ಓಡಿಸ್ತೀಯಾ ಅಂತ ತಾತನ್ನ ದಿನಾ ಕೇಳ್ತೀನಿ ಕಣೆ," ಎಂದು ಮುದುಕಿ ಪ್ರಶ್ನೆ ಕೇಳುವ ಎರಡು ಮರದ ತುಂಡುಗಳನ್ನು ತೋರಿಸಿದಳು. "ಒಂದು ಕವುಚಿ, ಒಂದು ಅಂಗಾತ ಬಿದ್ರೆ ತಾನೆ ಹೂಂ ಅಂದ ಹಾಗೆ? ಎರಡೂ ಕವುಚೇ ಬೀಳ್ತವೆ. ಮುದುಕ ಒಪ್ತಾನೇ ಇಲ್ಲ. ಅವನು ಒಪ್ಪೋಕೆ ಮುಂಚೆ ಅವನ ಮುಂದಿನ ಊಟ ಎತ್ಕೊಂಡು ಹೋಗೋಕೆ ನನಗೆ ನಾಚಿಕೆ ಆಗಲ್ವಾ?"

ಸೋಕ್‌ಕಿಮ್‌ಗೆ ಪಿತ್ತ ನೆತ್ತಿಗೇರಿತು. ಕೊಳೆತ ಹಣ್ಣೊಂದನ್ನು ಕುಡುಗೋಲಿನಿಂದ ಸೀಳಿದಳು. ಒಳಗಿಂದ ಬಿಳಿ ಹುಳುಗಳು ಚಿಮ್ಮಿ ನೆಗೆದವು.

"ನಮ್ಮ ನೊಣಗಳ ಹೆರಿಗೆಮನೆ ನೋಡಿ ಅತ್ತೆ."

ಮುದುಕಿ ಬಗ್ಗಿ ನೋಡಿದಳು. ಆಮೇಲೆ ಬೊಚ್ಚು ಬಾಯಿ ಬಿಟ್ಟು ನಗತೊಡಗಿದಳು. "ಪಾಪ, ಅವನು ದಿನಾ ಬೇಡ ಬೇಡ ಅಂತ ಬಡ್ಕೊಂಡಿದಾನೆ. ನಾನೇ ತಂದು ತಂದು ಸುರಿದಿದೀನಿ."

ಸೊಸೆಯ ಸಿಟ್ಟು ಅಲ್ಲಿಗೇ ಇಳಿಯಿತು. ಇಬ್ಬರೂ ಸೇರಿ ಕೊಳೆತದ್ದನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಹುಳು ಬೆಂದು ಸಾಯಲೆಂದು ಬಿಸಿಲಿಗೆಸೆದರು.

ಮೂರು ವಾರ ಕಳೆಯಿತು. ಗುಡಿಯ ಪಕ್ಕದ ಬಾಟಲಿಯಲ್ಲೂ ನೊಣ ಹತ್ತು ದಾಟಲಿಲ್ಲ. ಚಪ್ಪರದ ತುಂಬ ಕಾಯಿಗಳು ನೆಟ್ಟಗೆ ಇಳಿಬಿದ್ದಿದ್ದವು. ಸೋಕ್‌ಕಿಮ್‌ಗೆ ಎಷ್ಟು ಹಿಗ್ಗಾಯಿತೆಂದರೆ ಬಚ್ಚಿಟ್ಟ ಮಾತು ತಾನಾಗಿ ಹೊರಬಿತ್ತು.

"ಅತ್ತೆ, ಈ ಚಪ್ಪರ ಕಿತ್ತುಹಾಕ್ಬೇಕು ಅಂತಿದ್ದೆ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಗೊತ್ತಿತ್ತು ಕಣೆ," ಎಂದಳು ಮುದುಕಿ, ಕಾಯಿ ಕೊಯ್ಯುತ್ತಲೇ. "ಕೀಳ್ಬೇಡ ಅಂತ ನಿನ್ನ ಕೇಳೋಕೆ ನನಗೂ ಬಾಯಿ ಬರ್ಲಿಲ್ಲ. ಅದಕ್ಕೇ ತಾತನ್ನ ಕೇಳ್ತಿದ್ದೆ."

ಸೊಸೆ ಅತ್ತೆಯ ಕೈಯಿಂದ ಬುಟ್ಟಿ ತೆಗೆದುಕೊಂಡು ಪಕ್ಕದಲ್ಲೇ ನಡೆದಳು.