ಸಾರು ಅವಳಿಗೆ, ಮಾಂಸ ಅವನಿಗೆ

ಹೆರಿಗೆ ರಜೆ ಮುಗಿಸಿ ಬಂದ ಯುರಾನಿಗೆ ಅಂಗಡಿಯವರು ಬಸುರಾಗುವ ಮುಂಚಿನ ಅಳತೆಯ ಸಮವಸ್ತ್ರವನ್ನೇ ಕೊಟ್ಟರು. ಅದರ ಜಿಪ್ಪು ಮೇಲೇರಲಿಲ್ಲ. ಅವಳನ್ನು ಸೆಂಟಿನ ಕೌಂಟರಿನಿಂದ ತೆಗೆದು ಹಿಂದಿನ ಗೋದಾಮಿಗೆ ಹಾಕಿದರು. ಕಮಿಷನ್ ನಿಂತಿತು.

ಪಾಲ್ಮಿರಾದ ಆ ಅಂಗಡಿಯಲ್ಲಿ ಕೌಂಟರಿನ ಹೆಂಗಸರಾದ ನಮಗೆ ಕುರ್ಚಿ ಇರಲಿಲ್ಲ. ಕನ್ನಡಿ ಮಾತ್ರ ಎಲ್ಲ ಕಡೆ ಇತ್ತು. ಕೊಲಂಬಿಯಾದ ಕಾನೂನಿನಲ್ಲಿ ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ಬಿಡುವುಂಟು. ನಮ್ಮಲ್ಲಿ ಆ ಬಿಡುವು ಗೋದಾಮಿನ ಕಕ್ಕಸಿನಲ್ಲಿತ್ತು. ಯುರಾನಿ ಅಲ್ಲೇ ನಿಂತು, ಬಾಗಿಲಿಗೆ ಬೆನ್ನು ಕೊಟ್ಟು, ಹಾಲು ಹಿಂಡಿ ಬಾಟಲಿಗೆ ತುಂಬುತ್ತಿದ್ದಳು.

ಮೇಲ್ವಿಚಾರಕಿ ಲಿಸೆತ್ ಅವಳ ಕೈಗೆ ಎರಡು ವಸ್ತು ಕೊಟ್ಟಳು. ಒಂದು, ತೂಕ ಇಳಿಸುವ ಪುಡಿಯ ಡಬ್ಬ: ನೀರಿಗೆ ಕಲಸಿ ಕುಡಿದರೆ ಒಂದು ಊಟಕ್ಕೆ ಸಮವಂತೆ. ಇನ್ನೊಂದು ಫಾಹಾ, ಎದೆಯ ಕೆಳಗಿನಿಂದ ತೊಡೆಯವರೆಗೆ ಕೊಕ್ಕೆ ಹಾಕಿ ಬಿಗಿಯುವ ರಬ್ಬರಿನ ಕವಚ.

"ನನ್ ರಾಣಿ, ಮುಖ ನೋಡಿದ್ರೆ ಚಿನ್ನ. ಕೆಳಗೆ ನೋಡ್ಕೊಂಡಿದ್ಯಾ? ಗಿರಾಕಿಗಳು ಸೆಂಟು ಕೊಳ್ಳೋಕೆ ಬರ್ತಾರೆ ಕಣೇ, ಬಾಣಂತಿ ನೋಡೋಕಲ್ಲ. ದಿನಕ್ಕೆ ಸಾವಿರ ಕ್ಯಾಲೊರಿ. ಅದರ ಮೇಲೆ ಒಂದು ತುತ್ತೂ ಬೇಡ."

ಹೀಗೆನ್ನುವಾಗ ಅವಳ ಉಸಿರೂ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳ ಉಡುಪಿನೊಳಗೂ ಫಾಹಾ ಇತ್ತು. ಮೇಲಿನವರು ಅವಳನ್ನೂ ಅಳೆಯುತ್ತಿದ್ದರು. ಹಾಗಂತ ಅವಳು ನಮ್ಮನ್ನು ಅಳೆಯುವುದನ್ನು ಬಿಡಲಿಲ್ಲ.

ಮನೆಯಲ್ಲಿ ಇನ್ನೊಂದು ಆಳ್ವಿಕೆ. ಅತ್ತೆ ದೋನ್ಯಾ ಎದೆಲ್ಮಿರಾ ನಲವತ್ತು ದಿನದ ಬಾಣಂತನವನ್ನು ಚಾಚೂ ತಪ್ಪದೆ ಮಾಡಿದ್ದಳು. ಓಣಿಯವರು ಒಬ್ಬೊಬ್ಬರೂ ಒಂದೊಂದು ಹೇಂಟೆ ತಂದುಕೊಟ್ಟಿದ್ದರು. ಆ ಮನೆಯ ಹಂಡೆ ಒಲೆಯಿಂದ ಇಳಿದದ್ದೇ ಇಲ್ಲ. ನಲವತ್ತು ಮುಗಿದರೂ ಮುದುಕಿ ಬಿಡಲೊಲ್ಲಳು.

"ತಿನ್ನೇ ಮಗಳೇ. ಕೂಸಿಗೆ ಹಾಲು ಆಕಾಶದಿಂದ ಉದುರುತ್ತಾ? ಈ ಊರಲ್ಲಿ ಆಕಾಶದಿಂದ ಉದುರೋದು ಕಬ್ಬಿನ ಗದ್ದೆ ಸುಟ್ಟ ಬೂದಿ ಮಾತ್ರ."

ಎರಡು ಆಜ್ಞೆಗಳ ನಡುವೆ ಯುರಾನಿ ತನಗೆ ತೋಚಿದ ದಾರಿ ಹಿಡಿದಳು. ಸಾರು ಹಾಲಾಗುತ್ತದೆ, ಮಾಂಸ ಮೈಯಾಗುತ್ತದೆ ಎಂದು ನಮ್ಮ ಕಡೆ ಎಲ್ಲ ಹೆಂಗಸರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಹಾಗಾಗಿ ಅವಳು ಮೇಲಿನ ಕೊಬ್ಬು ತೆಗೆದು ಬಟ್ಟಲು ತುಂಬ ಸಾರು ಕುಡಿದು, ಮಾಂಸ, ಆಲೂಗೆಡ್ಡೆ, ಅನ್ನವನ್ನೆಲ್ಲ ಗಂಡ ವಿಲ್ಮರ್‌ನ ತಟ್ಟೆಗೆ ಸುರಿಯುತ್ತಿದ್ದಳು. ಮಧ್ಯಾಹ್ನಕ್ಕೆ ಲಿಸೆತ್‌ಳ ಪುಡಿ. ಇಬ್ಬರ ಮಾತೂ ನಡೆಯಿತೆಂದುಕೊಂಡಳು.

ತೂಕ ಇಳಿಯಿತು. ಫಾಹಾದ ಕೊಕ್ಕೆ ಮುಂದಿನ ಸಾಲಿಗೆ ಹೋಯಿತು. ಲಿಸೆತ್ ಚಪ್ಪಾಳೆ ತಟ್ಟಿದಳು. ಯುರಾನಿ ಪೆಟ್ಟಿಗೆ ಎತ್ತುವಾಗ ಗೋಡೆ ಹಿಡಿಯತೊಡಗಿದಳು. ಕರೆದರೆ ತಡವಾಗಿ ತಿರುಗುತ್ತಿದ್ದಳು. ಮೊದಲು ಕತ್ತಿನವರೆಗೆ ತುಂಬುತ್ತಿದ್ದ ಬಾಟಲಿಯ ತಳ ಮುಚ್ಚುವುದೇ ಕಷ್ಟವಾಯಿತು. ಕೂಸು ನಾಯೆಲಿ ಮೊಲೆ ಕಚ್ಚಿ, ಎಳೆದು, ಬಿಟ್ಟು ಅಳುತ್ತಿತ್ತು. ಅತ್ತು ಸುಸ್ತಾಗಿ ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವಿಕೆಗೇ ತನಗೆ ಭಯವಾಯಿತೆಂದು ಯುರಾನಿ ಹೇಳಿದಳು.

ಆರೋಗ್ಯ ಕೇಂದ್ರಕ್ಕೆ ಅತ್ತೆಯೂ ಜೊತೆಗೆ ಹೋದಳು. ಕೂಸಿನ ತೂಕ ಕಳೆದ ತಿಂಗಳಿದ್ದಲ್ಲೇ ನಿಂತಿತ್ತು.

"ನೀನೇನು ತಿಂತಿದ್ದೀಯ?" ನರ್ಸ್ ಕೇಳಿದಳು.

"ಕೋಳಿ ಸಾರು."

"ಕೋಳಿ?"

"ಅದು ವಿಲ್ಮರ್‌ಗೆ."

ದೋನ್ಯಾ ಎದೆಲ್ಮಿರಾ ಕುರ್ಚಿಯಿಂದ ಎದ್ದೇಬಿಟ್ಟಳು. "ಹಾಗಾದ್ರೆ ವಿಲ್ಮರ್ ಹಾಲು ಕುಡಿಸ್ಲಿ! ಅವನ ಎದೆಯೇನೋ ಈಗ ನಿನಗಿಂತ ದಪ್ಪ ಆಗಿದೆ!"

ನರ್ಸ್ ನಕ್ಕಳು, ನಕ್ಕು ಗಂಭೀರವಾದಳು. ಸಾರಿನಲ್ಲಿ ಇರುವುದು ಬಹುಪಾಲು ನೀರು ಎಂದಳು. ಹಾಲೂಡಿಸುವವಳಿಗೆ ದಿನಕ್ಕೆ ಮುನ್ನೂರು, ನಾನೂರು ಕ್ಯಾಲೊರಿ ಹೆಚ್ಚೇ ಬೇಕು, ಕಡಿಮೆಯಲ್ಲ. "ತೂಕ ಇಳೀಬೇಕಾ? ಇಳೀಲಿ, ನಿಧಾನಕ್ಕೆ. ವಾರಕ್ಕೆ ಅರ್ಧ ಕಿಲೋ ಸಾಕು. ಸಕ್ಕರೆ ನೀರು ಬಿಡು, ಕರಿದಿದ್ದು ಬಿಡು. ಅನ್ನ, ಬೇಳೆ, ಮೊಟ್ಟೆ, ಕೋಳಿ ಹೊಟ್ಟೆ ತುಂಬ ತಿನ್ನು. ಕೂಸನ್ನ ಆಗಾಗ ಎದೆಗೆ ಹಾಕು, ಹಾಲು ತಿರುಗಿ ಬರುತ್ತೆ. ಆ ಪುಡಿ ಎಸಿ."

"ಕೆಲಸ?" ಎಂದಳು ಯುರಾನಿ.

ತಾಯಿಯ ಸೊಂಟದ ಸುತ್ತಳತೆಯ ಮೇಲೆ ಕೂಸಿನ ಹೊಟ್ಟೆ ನಿಂತಿರುವ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆರೋಗ್ಯ ಕೇಂದ್ರದಲ್ಲಿ ಸಿಗುವುದಿಲ್ಲ.

ಮರುದಿನ ಮಧ್ಯಾಹ್ನ ಗೋದಾಮಿನಲ್ಲಿ ಅವಳು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಊಟಕ್ಕೆ ತೊಡಗಿದ್ದಳು. ಅತ್ತೆ ಕಟ್ಟಿಕೊಟ್ಟ ಡಬ್ಬಿ: ಅನ್ನ, ಬೇಳೆ, ಕೋಳಿಯ ತೊಡೆ. ಪಕ್ಕದಲ್ಲಿ ನಾನು ನನ್ನದನ್ನು ಬಿಚ್ಚುತ್ತಿದ್ದೆ. ಲಿಸೆತ್ ಲೋಟದಲ್ಲಿ ಪುಡಿ ಕಲಸಿಕೊಂಡೇ ಒಳಗೆ ಬಂದಳು.

"ಮುಚ್ಚು ಅದನ್ನ. ಶನಿವಾರ ಹೊಸ ಸೆಂಟಿನ ಫೋಟೋ ತೆಗೀತಾರೆ. ಕೌಂಟರಿನ ಎಲ್ಲರೂ ಸಮವಸ್ತ್ರದಲ್ಲಿ ಇರ್ಬೇಕು. ಅಲ್ಲೀವರೆಗೆ ಇದೇ ನಿನ್ನ ಊಟ. ಜಿಪ್ಪು ಏರಿದ್ರೆ ಸೋಮವಾರದಿಂದ ಜಾಗ ನಿಂದು."

"ಏರದಿದ್ರೆ?"

"ನಿನ್ನ ಜಾಗಕ್ಕೆ ಬೇರೆಯವಳನ್ನ ತಗೋತಾರೆ. ನಾನೇನು ಮಾಡ್ಲಿ ಚಿನ್ನಾ? ಕೂಸಿಗೆ ಡಬ್ಬದ ಹಾಲು ಕೊಡು, ಎಲ್ಲರೂ ಕೊಡ್ತಾರೆ."

ಯುರಾನಿ ಏಳಲಿಲ್ಲ. ಎದ್ದು ನಿಂತು ಜಗಳವಾಡುವಷ್ಟು ಕಸುವು ಅವಳಲ್ಲಿ ಇರಲೂ ಇಲ್ಲ. ಕೋಳಿಯ ತುಂಡನ್ನು ಮೂಳೆಯಿಂದ ಬಿಡಿಸಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು.

"ಮೇಲಿನವರು ಕೇಳಿದ್ರೆ ಏನ್ ಹೇಳ್ಲಿ ನಾನು?" ಲಿಸೆತ್ ಲೋಟವನ್ನು ಅವಳ ಮುಂದೆ ಹಿಡಿದಳು.

"ಊಟ ಮಾಡ್ತಿದ್ಲು ಅಂತ ಹೇಳಿ."

"ಯುರಾನಿ, ತಗೋ. ಕುಡಿ."

"ಕುಡಿಯಲ್ಲ, ಸೆನ್ಯೋರಾ," ಎಂದು ಅವಳು ಇನ್ನೊಂದು ತುತ್ತು ಕಲಸಿಕೊಂಡಳು.